‘ಪಕ್ಕದ ಮನೆಯವರ ಬಗ್ಗೆ ಎರಡು ನಿಮಿಷ ಮಾತಾಡಿ’ ಅಂದಾಗ

ಪ್ರಶ್ನೆ: ನಾನು ರಾಣೆಬೆನ್ನೂರಿನವಳು. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾಲ್ಕು ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಇಂಗ್ಲೆಂಡಿಗೆ ಹೋಗಬೇಕೆಂದು, ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆ ಬರೆದೆ. ಉಳಿದೆಲ್ಲ ಸರಿಯಾಯಿತು, ಸ್ಪೀಕಿಂಗ್‌ನಲ್ಲಿ ಮಾತ್ರ 6.5 ಬಂತು. 7 ಬೇಕಿತ್ತು. ನನಗೆ ಸಿಕ್ಕ ಕಾರ್ಡಿನಲ್ಲಿ ಇದ್ದದ್ದು ‘ನಿಮಗೆ ಕುತೂಹಲ ಹುಟ್ಟಿಸಿದ ನೆರೆಯವರೊಬ್ಬರ ಬಗ್ಗೆ ಹೇಳಿ’ ಎಂಬ ವಿಷಯ. ನಲವತ್ತು ಸೆಕೆಂಡಿನಲ್ಲಿ ಮಾತು ಮುಗಿದುಹೋಯಿತು. ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಎರಡು ವರ್ಷದಿಂದ ಒಬ್ಬಳೇ ಇದ್ದೇನೆ. ಎದುರು ಮನೆಯವರ ಹೆಸರೂ ಗೊತ್ತಿಲ್ಲ. ಆಮೇಲೆ ‘ನೆರೆಹೊರೆಯವರ ಪರಿಚಯ ಯಾಕೆ ಮುಖ್ಯ’ ಅಂತ ಕೇಳಿದರು. ‘ಸಹಾಯ ಮಾಡ್ತಾರೆ’ ಅಂದು ಸುಮ್ಮನಾದೆ. ಮುಂದಿನ ಸಲಕ್ಕೆ ಯಾರನ್ನಾದರೂ ಕಲ್ಪಿಸಿಕೊಂಡು ಬಾಯಿಪಾಠ ಮಾಡಿಕೊಳ್ಳಲೇ?

ಉತ್ತರ: ಬಾಯಿಪಾಠ ಬೇಡ.

ಕಲ್ಪಿಸಿಕೊಂಡು ಹೇಳಿದರೆ ಪರೀಕ್ಷೆಯ ಲೆಕ್ಕದಲ್ಲಿ ತಪ್ಪೇನೂ ಇಲ್ಲ. ಅಲ್ಲಿ ಅಂಕ ಇರುವುದು ನಾಲ್ಕು ವಿಷಯಕ್ಕೆ. ತಡವರಿಸದೆ ಮಾತನ್ನು ಜೋಡಿಸಿಕೊಂಡು ಹೋಗುವುದು, ಪದಗಳ ಬಳಕೆ, ವ್ಯಾಕರಣ, ಉಚ್ಚಾರ. ನಾಲ್ಕಕ್ಕೂ ಸಮಪಾಲು. ಹೇಳಿದ್ದು ನಿಜವೇ ಅಂತ ಯಾರೂ ವಿಚಾರಿಸುವುದಿಲ್ಲ. ಆದರೆ ಬಾಯಿಪಾಠ ಗೊತ್ತಾಗಿಬಿಡುತ್ತದೆ. ಕಣ್ಣು ಗೋಡೆಯ ಕಡೆ ಹೋಗುತ್ತದೆ. ದನಿಯಲ್ಲಿ ಏರಿಳಿತ ಇರುವುದಿಲ್ಲ. ಒಂದು ಪದ ಮರೆತರೆ ಮುಂದಿನದೆಲ್ಲ ಮರೆತುಹೋಗುತ್ತದೆ. ನಾನು 22 ವರ್ಷದಿಂದ ಹಾಸನದಲ್ಲಿ ಇಂಗ್ಲಿಷ್ ಮಾತು ಕಲಿಸುತ್ತಿದ್ದೇನೆ. ಕಲಿಯಲು ಬಂದವರು ಎರಡನೇ ಸಾಲು ಹೇಳುವಷ್ಟರಲ್ಲಿ ಇದು ಗಿಳಿಪಾಠ ಅಂತ ನನಗೆ ತಿಳಿಯುತ್ತದೆ. ದಿನಾ ಹತ್ತಾರು ಜನರನ್ನು ಕೇಳುವ ಪರೀಕ್ಷಕರಿಗೆ ತಿಳಿಯದೇ ಇರುತ್ತದೆಯೇ?

ನಿಮಗೆ ಇಂಗ್ಲಿಷ್ ಸಾಲದೆ ಹೀಗಾಯಿತು ಅಂತ ನನಗೆ ಅನಿಸುವುದಿಲ್ಲ. ಸಾಲದೇ ಇದ್ದಿದ್ದರೆ 6.5 ಬರುತ್ತಿರಲಿಲ್ಲ. ನಿಮ್ಮ ಹತ್ತಿರ ಹೇಳಲು ಒಬ್ಬ ಮನುಷ್ಯ ಇರಲಿಲ್ಲ, ಅಷ್ಟೇ. ‘ನಮ್ಮ ಪಕ್ಕದ ಮನೆಯವರು ತುಂಬಾ ಒಳ್ಳೆಯವರು, ಸಹಾಯ ಮಾಡುತ್ತಾರೆ, ಯಾವಾಗಲೂ ನಗುತ್ತಿರುತ್ತಾರೆ’ ಅಂತಲೇ ಶುರು ಮಾಡಿದ್ದಿರಿ ಅಲ್ವಾ? ಶೇಕಡಾ ತೊಂಬತ್ತು ಜನ ಹಾಗೇ ಶುರು ಮಾಡುವುದನ್ನು ನಾನು ಕೇಳಿದ್ದೇನೆ. ‘ಒಳ್ಳೆಯವರು’ ಅಂದ ಮೇಲೆ ಮುಂದೆ ಹೇಳಲು ಏನಿದೆ? ಆ ಮಾತು ಅಲ್ಲಿಗೇ ನಿಲ್ಲುತ್ತದೆ. ಅದೇ, ಕಣ್ಣಾರೆ ಕಂಡ ಒಂದು ಸಂಗತಿ ಹೇಳಿ ನೋಡಿ. ಯಾವಾಗ, ಯಾಕೆ, ಆಮೇಲೆ ಏನಾಯಿತು ಅಂತ ಮಾತು ತಾನಾಗಿ ಮುಂದಕ್ಕೆ ಹೋಗುತ್ತದೆ.

ನನ್ನ ಪಕ್ಕದ ಮನೆಯವರ ಬಗ್ಗೆಯೇ ಹೇಳುತ್ತೇನೆ.

ನಮ್ಮ ಪಕ್ಕದಲ್ಲಿ ಒಬ್ಬ ಅಮ್ಮ ಇದ್ದರು. ಆರು ವರ್ಷ ನನಗೆ ಅವರ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಬೆಳಿಗ್ಗೆ ತುಳಸಿಗೆ ನೀರು ಹಾಕುತ್ತಾರೆ, ಮಾತು ಕಡಿಮೆ. ಒಂದು ದಿನ ಸಂಜೆ ಕರೆಂಟು ಹೋಯಿತು. ಸೆಕೆಗೆ ಅವರು ಹೊರಗೆ ಜಗುಲಿಯ ಮೇಲೆ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು. ಅಷ್ಟರಲ್ಲಿ ಮಗನ ಫೋನ್ ಬಂತು. ಮೊಬೈಲನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಕೈಕೆಲಸ ಒಂದು ಕ್ಷಣವೂ ನಿಲ್ಲಿಸದೆ ಮಾತಾಡಿದರು. ನಮ್ಮ ವಯಸ್ಸಿನವರು ಹಾಗೆ ಫೋನ್ ಹಿಡಿಯುವುದನ್ನು ನಾನು ನೋಡಿರಲಿಲ್ಲ. ಸುಮ್ನೆ ಕೇಳಿದೆ, ‘ಅಮ್ಮಾ, ಮೊದಲು ಏನು ಕೆಲಸ ಮಾಡ್ತಿದ್ರಿ?’

‘ಟೆಲಿಫೋನ್ ಎಕ್ಸ್‌ಚೇಂಜಲ್ಲಿದ್ದೆ ಮೇಷ್ಟ್ರೇ. ಊರಿನ ಮಾತೆಲ್ಲ ಈ ಕಿವಿಯ ಮೇಲೇ ಹಾದುಹೋಗ್ತಿತ್ತು.’

ಆವತ್ತು ಕರೆಂಟು ಬಂದ ಮೇಲೂ ನಾವು ಎದ್ದು ಒಳಗೆ ಹೋಗಲಿಲ್ಲ. ಬೇರೆ ಊರಿನ ನಂಬರಿಗೆ ನಾವೇ ನೇರವಾಗಿ ಫೋನ್ ಮಾಡುವ ಎಸ್‌ಟಿಡಿ ಬರುವ ಮೊದಲು, ಬೇರೆ ಊರಿಗೆ ಮಾತಾಡಬೇಕಾದರೆ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಬಗೆಗಳಿದ್ದವು. ಲೈಟ್ನಿಂಗ್ ಅಂದರೆ ಎಲ್ಲಕ್ಕಿಂತ ಬೇಗ, ದುಡ್ಡೂ ಜಾಸ್ತಿ. ರಾತ್ರಿ ಹೊತ್ತು ಮನೆಯಿಂದ ಯಾರಾದರೂ ಲೈಟ್ನಿಂಗ್ ಕೇಳಿದರೆ ತಮ್ಮ ಕೈ ತಣ್ಣಗಾಗುತ್ತಿತ್ತು ಅಂದರು. ಒಮ್ಮೆ ಅವರ ಬೀದಿಯದೇ ಒಂದು ಹುಡುಗಿಗೆ ಮದುವೆ ಗೊತ್ತಾದ ಸುದ್ದಿ ಮುಂಬೈಯಿಂದ ಬಂತು. ಲೈನು ಜೋಡಿಸುವಾಗ ಇವರ ಕಿವಿಗೆ ಬಿತ್ತು. ಮರುದಿನ ಹುಡುಗಿಯ ತಾಯಿ ಸಕ್ಕರೆ ಹಿಡಿದುಕೊಂಡು ಮನೆಗೆ ಬಂದರು. ‘ಹೌದಾ! ಯಾವಾಗ ಗೊತ್ತಾಯ್ತು? ಅಂತ ಆಗಲೇ ಮೊದಲ ಸಲ ಕೇಳಿದ ಹಾಗೆ ಖುಷಿಪಟ್ಟೆ. ಅದು ಅವರು ಹೇಳಬೇಕಾದ ಸುದ್ದಿ, ನನ್ನದಲ್ಲ’ ಅಂದರು.

ಅವರು ಯಾಕೆ ಮಾತು ಕಡಿಮೆ ಆಡುತ್ತಾರೆ ಅಂತ ನನಗೆ ಆವತ್ತು ಅರ್ಥವಾಯಿತು.

ಈಗ ನೋಡಿ, ಇದರಲ್ಲಿ ‘ಒಳ್ಳೆಯವರು’ ಅನ್ನುವ ಪದವೇ ಇಲ್ಲ. ಹೇಳಿದರೆ ಎರಡು ನಿಮಿಷ ಸಾಲದು. ಪರೀಕ್ಷೆಯಲ್ಲಿ ಕಾರ್ಡ್ ಕೊಟ್ಟ ಮೇಲೆ ಯೋಚಿಸಲು 1 ನಿಮಿಷ, ಮಾತಾಡಲು 1ರಿಂದ 2 ನಿಮಿಷ. ಕಾಗದ, ಪೆನ್ಸಿಲ್ ಕೊಡುತ್ತಾರೆ. ಅದರಲ್ಲಿ ಸಾಲುಗಳನ್ನು ಬರೆಯಲು ಹೋಗಬೇಡಿ. ‘ಹುರುಳಿಕಾಯಿ, ಭುಜ, ಲೈಟ್ನಿಂಗ್, ಸಕ್ಕರೆ’ ಅಂತ ನಾಲ್ಕು ಪದ ಗೀಚಿಕೊಂಡರೆ ಸಾಕು. ಒಂದೊಂದು ಪದವೂ ಅರ್ಧ ನಿಮಿಷ ಮಾತು ಕೊಡುತ್ತದೆ.

ಕನ್ನಡದವರು ಈ ವಿಷಯದಲ್ಲಿ ಎಡವುವ ಒಂದೆರಡು ಜಾಗ ಇವೆ. ನಾವು ಹಿರಿಯರನ್ನು ‘ಅವರು’ ಅನ್ನುತ್ತೇವೆ. ಅದೇ ಮರ್ಯಾದೆ ಇಂಗ್ಲಿಷಿಗೂ ಬಂದು ‘ದೇ ಆರ್ ರಿಟೈರ್ಡ್’ ಅಂದುಬಿಡುತ್ತೇವೆ. ಒಬ್ಬರ ಬಗ್ಗೆ ಮಾತೋ, ಇಡೀ ಮನೆಯವರ ಬಗ್ಗೆ ಮಾತೋ ಅಂತ ಕೇಳುವವರಿಗೆ ಗೊಂದಲ. ಒಬ್ಬರಾದರೆ ‘ಶೀ’ ಅಥವಾ ‘ಹೀ’ ಅನ್ನಿ. ಮರ್ಯಾದೆ ಏನೂ ಕಡಿಮೆ ಆಗುವುದಿಲ್ಲ. ‘ಶೀ ಈಸ್ ಹ್ಯಾವಿಂಗ್ ಟೂ ಸನ್ಸ್’ ಬೇಡ, ‘ಶೀ ಹ್ಯಾಸ್ ಟೂ ಸನ್ಸ್’ ಸಾಕು. ಹಿಂದೆ ರೂಢಿಯಾಗಿ ಮಾಡುತ್ತಿದ್ದ ಕೆಲಸಕ್ಕೆ ‘ಯೂಸ್ಡ್ ಟು’ ಬಳಸಿ. ನೆರೆಯವರ ಕಥೆಯಲ್ಲಿ ಅದಕ್ಕೆ ಬೇಕಾದಷ್ಟು ಅವಕಾಶ ಇರುತ್ತದೆ. ‘ಆಂಟಿ’ ಅಂದರೆ ಪರೀಕ್ಷಕರು ಆಕೆಯನ್ನು ನಿಮ್ಮ ಚಿಕ್ಕಮ್ಮ ಅಂದುಕೊಳ್ಳುತ್ತಾರೆ. ‘ನಮ್ಮ ಕಡೆ ಸಂಬಂಧ ಇಲ್ಲದಿದ್ದರೂ ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತೇವೆ’ ಅಂತ ಒಂದು ಸಾಲು ಸೇರಿಸಿ. ಆ ಸಾಲೇ ನಿಮ್ಮ ಮಾತಿಗೆ ಕಳೆ ಕೊಡುತ್ತದೆ.

ನಮ್ಮ ಮನೆಯ ಪದಗಳಿಗೆ ಹೆದರಬೇಡಿ. ಹೆಪ್ಪಿಗೆ ಒಂದು ಚಮಚ ಮೊಸರು ಕೇಳಲು ಪಕ್ಕದ ಮನೆಗೆ ಹೋಗುವುದು ನಮಗೆ ದಿನನಿತ್ಯದ ಮಾತು. ಹಾಲು ಮೊಸರಾಗಲು ಒಂದು ಚಮಚ ಹಳೆಯ ಮೊಸರು ಬೇಕು, ಅದನ್ನು ಮನೆಯಿಂದ ಮನೆಗೆ ಕೇಳಿ ಪಡೆಯುತ್ತೇವೆ ಅಂತ ಸರಳವಾಗಿ ಬಿಡಿಸಿ ಹೇಳಿದರೆ ಕೇಳುವವರ ಕಿವಿ ನೆಟ್ಟಗಾಗುತ್ತದೆ.

ಇನ್ನು ಪರೀಕ್ಷೆಯಲ್ಲಿ ನಿಮಗೆ ಕೇಳಿದ ಎರಡನೇ ಪ್ರಶ್ನೆ. ನನಗೆ ಹೆಚ್ಚು ಮುಖ್ಯ ಅನಿಸಿದ್ದು ಇದೇ. ನೆರೆಹೊರೆಯವರ ಪರಿಚಯದಿಂದ ಏನು ಉಪಯೋಗ?

1995ರ ಜುಲೈನಲ್ಲಿ ಅಮೆರಿಕದ ಶಿಕಾಗೋದಲ್ಲಿ ವಿಪರೀತ ಬಿಸಿಗಾಳಿ ಬೀಸಿತು. ಬಿಸಿಲು 41 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಕಲಬುರಗಿ, ರಾಯಚೂರಿನವರಿಗೆ ಅದು ಬೇಸಿಗೆಯ ಮಾಮೂಲಿ ದಿನ. ಆ ಊರಿಗೆ ಅಭ್ಯಾಸ ಇರಲಿಲ್ಲ. ಆ ಒಂದು ವಾರದಲ್ಲಿ ಸಾಮಾನ್ಯ ಲೆಕ್ಕಕ್ಕಿಂತ 739 ಜನ ಹೆಚ್ಚಾಗಿ ಸತ್ತರು. ಅವರಲ್ಲಿ ಒಂಟಿಯಾಗಿದ್ದ ವಯಸ್ಸಾದವರೇ ಬಹಳ. ಎರಿಕ್ ಕ್ಲಿನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಅಲ್ಲಿನ ಎರಡು ಬಡಾವಣೆಗಳನ್ನು ಹೋಲಿಸಿದರು. ನಾರ್ತ್ ಲಾನ್‌ಡೇಲ್ ಮತ್ತು ಸೌತ್ ಲಾನ್‌ಡೇಲ್. ಎರಡೂ ಅಕ್ಕಪಕ್ಕ. ಬಿಸಿಲು ಒಂದೇ. ಎರಡೂ ಕಡೆ ಬಡತನ, ಎರಡೂ ಕಡೆ ಒಂಟಿ ವೃದ್ಧರು. ಆದರೆ ನಾರ್ತ್‌ನಲ್ಲಿ ಲಕ್ಷಕ್ಕೆ 40 ಜನರಂತೆ ಸತ್ತರೆ, ಸೌತ್‌ನಲ್ಲಿ ಲಕ್ಷಕ್ಕೆ 4 ಜನ.

ಹತ್ತು ಪಟ್ಟು ವ್ಯತ್ಯಾಸ ಎಲ್ಲಿಂದ ಬಂತು? ಸೌತ್‌ನ ಬೀದಿಯಲ್ಲಿ ಅಂಗಡಿಗಳಿದ್ದವು, ಜನರ ಓಡಾಟ ಇತ್ತು. ಅಜ್ಜ ಅಜ್ಜಿಯರು ದಿನಾ ಹೊರಗೆ ಬರುತ್ತಿದ್ದರು. ಬಿಸಿಲು ಜಾಸ್ತಿ ಆದಾಗ ತಂಪಾದ ಅಂಗಡಿಯೊಳಗೆ ಹೋಗಿ ನಿಲ್ಲುವುದು ಅವರಿಗೆ ಹೊಸದೇನಲ್ಲ. ನಾರ್ತ್‌ನಲ್ಲಿ ಅಂಗಡಿಗಳು ಮುಚ್ಚಿದ್ದವು, ಮನೆಗಳು ಪಾಳು ಬಿದ್ದಿದ್ದವು, ಬೀದಿಗೆ ಬರಲು ಭಯ. ಬಾಗಿಲು ಹಾಕಿಕೊಂಡು ಒಳಗೇ ಉಳಿದರು. ನೀವು ನರ್ಸ್. ಶಾಖಾಘಾತದ ರೋಗಿಗೆ ಬೇಗ ನೀರು, ತಂಪು ಸಿಗುವುದು ಎಷ್ಟು ದೊಡ್ಡದು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ‘ಇವತ್ತು ಅಜ್ಜಿ ಹೊರಗೆ ಕಾಣಲಿಲ್ಲವಲ್ಲ’ ಅನ್ನುವವರು ಒಬ್ಬರಿದ್ದರೆ ಸಾಕಿತ್ತು.

ಇನ್ನೊಂದು ಅಧ್ಯಯನ ಇದಕ್ಕಿಂತ ಹಳೆಯದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಎಂಐಟಿ ಸಂಸ್ಥೆಯಲ್ಲಿ ಓದುತ್ತಿದ್ದ ಸಂಸಾರಸ್ಥ ವಿದ್ಯಾರ್ಥಿಗಳಿಗೆ ವೆಸ್ಟ್‌ಗೇಟ್ ವೆಸ್ಟ್ ಎಂಬಲ್ಲಿ ಎರಡು ಅಂತಸ್ತಿನ ವಸತಿ ಕಟ್ಟಡಗಳಿದ್ದವು. ಯಾರಿಗೆ ಯಾರು ಸ್ನೇಹಿತರಾದರು ಅಂತ ಲಿಯಾನ್ ಫೆಸ್ಟಿಂಗರ್ ಎಂಬ ಮನೋವಿಜ್ಞಾನಿ ಮತ್ತು ಜೊತೆಗಾರರು ಲೆಕ್ಕ ಹಾಕಿದರು. 1950ರಲ್ಲಿ ಅದು ಪ್ರಕಟವಾಯಿತು. ಒಂದೇ ಅಂತಸ್ತಿನಲ್ಲಿ ಪಕ್ಕದ ಮನೆಯವರಲ್ಲಿ ಶೇ 41ರಷ್ಟು ಜನ ಆಪ್ತರಾಗಿದ್ದರು. ಒಂದು ಮನೆ ದಾಟಿದರೆ ಶೇ 22. ಸಾಲಿನ ಆ ತುದಿಗೆ ಹೋದರೆ ಶೇ 10. ಎಲ್ಲ ಒಂದೇ ಕಟ್ಟಡದವರು, ನಾಲ್ಕು ಹೆಜ್ಜೆಯ ದೂರ! ಮೆಟ್ಟಿಲ ಬಳಿ, ಟಪಾಲು ಡಬ್ಬಿಗಳ ಬಳಿ ಮನೆ ಇದ್ದವರಿಗೆ ಮೇಲಿನ ಮಹಡಿಯಲ್ಲೂ ಸ್ನೇಹಿತರು ಜಾಸ್ತಿ. ಎಲ್ಲರೂ ಅವರ ಬಾಗಿಲ ಮುಂದೆಯೇ ಹಾದುಹೋಗಬೇಕಲ್ಲ.

ನಮ್ಮ ವಠಾರಗಳಲ್ಲಿ ಇದೇ ಕೆಲಸವನ್ನು ನಲ್ಲಿ ಮಾಡುತ್ತಿತ್ತು. ನೀರು ಬರುವ ಹೊತ್ತಿಗೆ ಎಲ್ಲರ ಕೊಡವೂ ಅಲ್ಲೇ. ಕಾಯುತ್ತಾ ನಿಂತರೆ ಮಾತು ಬರದೇ ಇರುತ್ತದೆಯೇ? ಈಗ ಎಲ್ಲರ ಅಡುಗೆಮನೆಗೂ ನೀರು ಬಂದಿದೆ. ಬರಲೇಬೇಕಿತ್ತು, ಕೊಡ ಹೊತ್ತವರ ಸೊಂಟಕ್ಕೆ ಗೊತ್ತು ಆ ಕಷ್ಟ. ಆದರೆ ನಲ್ಲಿಯ ಜೊತೆ ಮಾತಿನ ಜಾಗವೂ ಹೋಯಿತು. ಸಂಕ್ರಾಂತಿಗೆ ಎಳ್ಳು ಬೀರಲು ಮಕ್ಕಳು ತಟ್ಟೆ ಹಿಡಿದು ಮನೆಮನೆಗೆ ಹೋಗುವುದು, ದಸರೆಯಲ್ಲಿ ‘ಗೊಂಬೆ ಕೂರಿಸಿದ್ದೀರಾ’ ಅಂತ ಕೇಳಿಕೊಂಡು ಬರುವುದು, ನಿಮ್ಮ ಕಡೆ ಬನ್ನಿ ಕೊಟ್ಟು ‘ಬಂಗಾರದಂಗ ಇರೋಣ’ ಅನ್ನುವುದು, ಇವೆಲ್ಲ ವರ್ಷಕ್ಕೆ ಒಮ್ಮೆಯಾದರೂ ಪಕ್ಕದ ಮನೆಯ ಹೊಸ್ತಿಲು ದಾಟಲು ಒಂದು ನೆಪ. ಹಳಬರು ಈ ನೆಪಗಳನ್ನು ಹಬ್ಬದೊಳಗೆ ಸೇರಿಸಿಟ್ಟಿದ್ದು ನನಗೆ ಬಹಳ ಇಷ್ಟ.

ಇದನ್ನೆಲ್ಲ ಪರೀಕ್ಷೆಯಲ್ಲಿ ಅಂಕಿಅಂಶ ಸಮೇತ ಹೇಳಬೇಕಾಗಿಲ್ಲ. ಸ್ಪೀಕಿಂಗ್‌ನ ಮೂರನೇ ಭಾಗದಲ್ಲಿ, ಅಂದರೆ ಕಾರ್ಡಿನ ಮಾತು ಮುಗಿದ ಮೇಲೆ ಬರುವ ಇಂಥ ಪ್ರಶ್ನೆಗಳಲ್ಲಿ, ಪರೀಕ್ಷಕರು ನೋಡುವುದು ನೀವು ಒಂದು ಅಭಿಪ್ರಾಯಕ್ಕೆ ಕಾರಣ ಕೊಟ್ಟು, ಉದಾಹರಣೆ ಕೊಟ್ಟು, ಇನ್ನೊಂದು ಬದಿಯನ್ನೂ ಯೋಚಿಸುತ್ತೀರಾ ಅಂತ. ಇನ್ನೊಂದು ಬದಿ ಖಂಡಿತ ಇದೆ. ಒಂಟಿ ಹೆಣ್ಣುಮಗಳು ಬಾಡಿಗೆಗೆ ಬಂದರೆ ‘ಯಾವ ಜನ, ಮದುವೆ ಯಾವಾಗ, ರಾತ್ರಿ ಯಾಕೆ ತಡ’ ಅಂತ ಕೇಳುವ ನೆರೆಯವರೂ ಇರುತ್ತಾರೆ. ನೀವು ಎರಡು ವರ್ಷ ಬಾಗಿಲು ಹಾಕಿಕೊಂಡಿದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಇದ್ದರೆ ಅದು ನಿಮ್ಮ ತಪ್ಪಲ್ಲ. ಪರಿಚಯ ಬೇರೆ, ಮೂಗು ತೂರಿಸುವುದು ಬೇರೆ. ನನ್ನ ಎಕ್ಸ್‌ಚೇಂಜ್ ಅಮ್ಮ ಆ ಗೆರೆಯನ್ನು ಸೇವೆಯಲ್ಲಿದ್ದಷ್ಟು ಕಾಲವೂ ದಾಟಲಿಲ್ಲ. ಅಂಥವರು ಒಬ್ಬರು ನಿಮ್ಮ ಕಟ್ಟಡದಲ್ಲೂ ಇದ್ದೇ ಇರುತ್ತಾರೆ. ಎಲ್ಲರ ಪರಿಚಯ ಬೇಡ. ಒಂದು ಮನೆ ಸಾಕು, ಎರಡಾದರೆ ಬಹಳವಾಯಿತು. ಪರೀಕ್ಷೆಯಲ್ಲಿ ಈ ಎರಡೂ ಬದಿಯನ್ನು ನಿಮ್ಮ ಅನುಭವದಿಂದಲೇ ಹೇಳಿ. 

ನೀವು ಹೋಗುತ್ತಿರುವ ದೇಶದ ಬಗ್ಗೆಯೂ ಒಂದು ಮಾತು ಹೇಳಬೇಕು. ಬ್ರಿಟನ್ 2018ರಲ್ಲಿ ಒಂಟಿತನದ ವಿಷಯ ನೋಡಿಕೊಳ್ಳಲು ಒಬ್ಬ ಸಚಿವರನ್ನೇ ನೇಮಿಸಿತು. ಒಂಟಿತನದ ಬಗ್ಗೆ ಕೆಲಸ ಶುರು ಮಾಡಿದ್ದ ಜೋ ಕಾಕ್ಸ್ ಎಂಬ ಸಂಸದೆ 2016ರಲ್ಲಿ ಕೊಲೆಯಾದರು. ಅವರ ಹೆಸರಿನ ಆಯೋಗ ಆ ಕೆಲಸ ಮುಂದುವರಿಸಿತು, ಅದರ ಫಲವಾಗಿ ಈ ನೇಮಕ. 2023ರಲ್ಲಿ ಅಮೆರಿಕದ ಆಗಿನ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಮಾತಾಡುವ ಮುಖ್ಯ ವೈದ್ಯ, ಡಾ. ವಿವೇಕ್ ಮೂರ್ತಿ ಒಂಟಿತನದ ಬಗ್ಗೆ ಇಡೀ ದೇಶಕ್ಕೆ ಎಚ್ಚರಿಕೆಯ ವರದಿ ಕೊಟ್ಟರು. ಅವರ ಕುಟುಂಬ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆಯದು. ಜನರ ಒಡನಾಟ ಇಲ್ಲದಿರುವುದು ಆಯುಸ್ಸಿಗೆ ಮಾಡುವ ಕೆಡುಕನ್ನು ಅವರ ವರದಿ ದಿನಕ್ಕೆ 15 ಸಿಗರೇಟ್ ಸೇದುವುದಕ್ಕೆ ಹೋಲಿಸಿತು.

ನನ್ನಲ್ಲಿ ಕಲಿತು ಹೋದ ನರ್ಸ್‌ಗಳು ಅಲ್ಲಿಂದ ಫೋನ್ ಮಾಡುತ್ತಾರೆ. ಮೊದಲ ಚಳಿಗಾಲ ಕಷ್ಟ ಅನ್ನುತ್ತಾರೆ. ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಕನ್ನಡ ಸಂಘದವರು ಯುಗಾದಿಗೆ, ದೀಪಾವಳಿಗೆ ಸೇರುತ್ತಾರೆ. ಅದು ದೊಡ್ಡ ಸಮಾಧಾನ. ಆದರೆ ಒಂದು ಸಾಮಾನ್ಯ ಮಂಗಳವಾರ ಜ್ವರ ಬಂದು ಮಲಗಿದಾಗ ಹತ್ತಿರ ಇರುವವರು ಪಕ್ಕದ ಮನೆಯವರೇ. ಅಲ್ಲಿ ನೀವು ಮನೆಯಲ್ಲಿ ಇಲ್ಲದಾಗ ಬಂದ ಪಾರ್ಸೆಲನ್ನು ಎಷ್ಟೋ ಸಲ ಪಕ್ಕದ ಮನೆಯಲ್ಲಿ ಕೊಟ್ಟು, ಬಾಗಿಲಿಗೆ ಚೀಟಿ ಹಾಕಿ ಹೋಗುತ್ತಾರಂತೆ. ಅದನ್ನು ತರಲು ಹೋದಾಗ ‘ಥ್ಯಾಂಕ್ ಯೂ’ ಅಂದು ಓಡಿ ಬರಬೇಡಿ. ಚಳಿಯ ಬಗ್ಗೆ ಒಂದು ಮಾತಾಡಿ. ಅಲ್ಲಿ ಪರಿಚಯ ಅಲ್ಲಿಂದ ಶುರುವಾಗುತ್ತದೆ. ನನ್ನ ಒಬ್ಬ ವಿದ್ಯಾರ್ಥಿನಿಗೆ ಪಕ್ಕದ ಮನೆಯ ಅಜ್ಜಿ ಸಿಕ್ಕಿದ್ದು ಹೀಗೇ.

ಹಾಗಾಗಿ ಈ ಕಾರ್ಡಿನ ತಯಾರಿಯನ್ನು ಪುಸ್ತಕದಿಂದ ಮಾಡಬೇಡಿ. ಬರುವ ವಾರ ರಜೆ ಇರುವ ದಿನ ಸಂಜೆ ಎದುರು ಮನೆಯ ಬೆಲ್ ಒತ್ತಿ. ಬರಿಗೈಯಲ್ಲಿ ಹೋಗಲು ಸಂಕೋಚ ಆದರೆ ಊರಿಂದ ತಂದ ಶೇಂಗಾ ಚಟ್ನಿಪುಡಿ ಒಂದು ಡಬ್ಬಿಗೆ ಹಾಕಿಕೊಳ್ಳಿ. ‘ನಾನು ಎದುರು ಮನೆಯವಳು, ನಮ್ಮ ಅವ್ವ ಮಾಡಿದ್ದು’ ಅನ್ನಿ. ಅಷ್ಟೇ ಸಾಕು. ಎರಡನೇ ಸಲ ಸಿಕ್ಕಾಗ ಒಂದೇ ಒಂದು ನಿಜವಾದ ಪ್ರಶ್ನೆ ಕೇಳಿ. ‘ಊಟ ಆಯ್ತಾ’ ಬೇಡ, ಅದಕ್ಕೆ ‘ಆಯ್ತು’ ಅನ್ನುವುದು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ‘ಈ ಊರಿಗೆ ಬಂದಾಗ ಈ ಬೀದಿ ಹೇಗಿತ್ತು?’, ‘ಈ ಕೆಲಸ ಎಲ್ಲಿ ಕಲಿತಿರಿ?’ ಅಂಥದ್ದು. ಆಮೇಲೆ ಸುಮ್ಮನೆ ಕೇಳಿಸಿಕೊಳ್ಳಿ. ಮನೆಗೆ ಬಂದು ಫೋನ್‌ನಲ್ಲಿ 2 ನಿಮಿಷ ಟೈಮರ್ ಇಟ್ಟುಕೊಂಡು, ಕೇಳಿದ್ದನ್ನು ಇಂಗ್ಲಿಷಿನಲ್ಲಿ ಹೇಳಿ ರೆಕಾರ್ಡ್ ಮಾಡಿ. ಮೂರು ದಿನ, ಮೂರು ಸಲ. ಪ್ರತಿ ಸಲ ಬೇರೆ ಮಾತಿನಿಂದ ಶುರು ಮಾಡಿ, ಆಗ ಬಾಯಿಪಾಠ ಆಗುವುದಿಲ್ಲ.

ಅವರಿಗೆ ನೀವೂ ಒಂದು ವಿಷಯ ಹೇಳಬೇಕು. ನೀವು ನರ್ಸ್ ಅಂತ. ನಿಮ್ಮ ಡ್ಯೂಟಿ ಸಮಯ ಹೇಳಬೇಕಾಗಿಲ್ಲ, ಊರು ಕುಲ ಏನೂ ಬೇಡ, ಇದೊಂದು ಹೇಳಿ. ಹೃದಯ ನಿಂತವರಿಗೆ ಎದೆ ಒತ್ತುವುದು ತಡವಾದರೆ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇ 7ರಿಂದ 10ರಷ್ಟು ಇಳಿಯುತ್ತದೆ ಅಂತ ನಿಮಗೆ ಕಲಿಸಿದ್ದಾರೆ. 108ಕ್ಕೆ ಫೋನ್ ಮಾಡಿದರೂ ಆಂಬುಲೆನ್ಸ್ ಬೆಂಗಳೂರಿನ ಟ್ರಾಫಿಕ್ ದಾಟಿ ಬರಬೇಕು. ನಿಮ್ಮ ಕೈಗೆ ಆ ಕೆಲಸ ಬರುತ್ತದೆ, ನೀವು ಮೂರನೇ ಮಹಡಿಯಲ್ಲೇ ಇದ್ದೀರಿ. ಆ ಕಟ್ಟಡದಲ್ಲಿ ಯಾರಿಗೂ ಅದು ಗೊತ್ತಿಲ್ಲ.

ಚಟ್ನಿಪುಡಿಯ ಡಬ್ಬಿಯನ್ನು ಅಲ್ಲೇ ಬಿಟ್ಟು ಬನ್ನಿ. ಆಮೇಲೆ ಕೊಡಿ ಅನ್ನಿ. ನಮ್ಮಲ್ಲಿ ಯಾರೂ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಅದರಲ್ಲಿ ಏನು ಬಂತು ಅಂತ ನನಗೆ ಬರೆಯಿರಿ.